ಬಾಕಿ ಬಿಲ್ಲಿನ ಬೆಲೆ

ಪೀಣ್ಯ ಎರಡನೇ ಹಂತದ ಯಾವ ಅಡ್ಡರಸ್ತೆಯಲ್ಲಾದರೂ ತಿಂಗಳ ಮೊದಲ ವಾರ ಸ್ವಲ್ಪ ಹೊತ್ತು ನಿಂತರೆ ಈ ಮಾತುಕತೆ ಕಿವಿಗೆ ಬೀಳುತ್ತದೆ. ಲೇತ್ ಸದ್ದು ತಪ್ಪಿಸಿಕೊಳ್ಳಲು ಶೆಡ್ಡಿನ ಬಾಗಿಲಾಚೆ ಬಂದು ನಿಂತ ಮಾಲೀಕರು ಫೋನಿನಲ್ಲಿರುತ್ತಾರೆ.

“ಮೇಡಂ, ನಮ್ಮ ಜೂನ್ ತಿಂಗಳ ಬಿಲ್ಲು...”

“ಫೈಲು ಅಪ್ರೂವಲ್‌ಗೆ ಹೋಗಿದೆ ಸರ್. ಸೋಮವಾರ ನೋಡ್ತೀನಿ.”

“ಹುಡುಗರಿಗೆ ಸಂಬಳ ಕೊಡ್ಬೇಕು ಮೇಡಂ. ಸ್ವಲ್ಪ ಮನಸ್ಸು ಮಾಡಿ.”

“ಸೋಮವಾರ ಅಂದೆನಲ್ಲ ಸರ್.”

ಇಲ್ಲಿ ಜಗಳವಿಲ್ಲ, ದನಿ ಏರುವುದಿಲ್ಲ. ಕೇಳುವವರು ತಮ್ಮದೇ ಹಣವನ್ನು ದಾನ ಕೇಳುವವರಂತೆ ಕೇಳುತ್ತಾರೆ. ಫೋನಿಟ್ಟ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್ (ಓಡಿ) ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಒಳಗೆ ಹೋಗುತ್ತಾರೆ. ಆ ಓಡಿಗೆ ದಿನದಿನವೂ ಬಡ್ಡಿ ಓಡುತ್ತಿರುತ್ತದೆ. ದೊಡ್ಡ ಕಂಪನಿಯ ಲೆಕ್ಕಪುಸ್ತಕದಲ್ಲಿ ‘ಕೊಡಬೇಕಾದ್ದು’ ಎಂದು ಕೂತಿರುವ ಮೊತ್ತಕ್ಕೆ ನಿಜವಾಗಿ ಬಡ್ಡಿ ಕಟ್ಟುತ್ತಿರುವವರು ಪೀಣ್ಯದ ಈ ಶೆಡ್ಡಿನವರು.

ಇದನ್ನು ಕಾನೂನಿನ ವಿಷಯ ಎಂದು ಈ ಇಬ್ಬರಲ್ಲಿ ಯಾರೂ ಅಂದುಕೊಂಡಿರುವುದಿಲ್ಲ. ಆದರೆ ಇವತ್ತು ದೊಡ್ಡ ಕಂಪನಿಗಳ ಹಣಕಾಸು ಮುಖ್ಯಸ್ಥರು ವರ್ಷಾಂತ್ಯದಲ್ಲಿ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಎದುರಿಗೆ ಕೂರಿಸಿಕೊಂಡು ಚರ್ಚಿಸುವ ಅಪಾಯಗಳ ಪಟ್ಟಿಯಲ್ಲಿ ಈ ‘ಸೋಮವಾರ’ವೂ ಸೇರಿದೆ. ಹಿಂದೆ ಇದು ಖರ್ಚಿಲ್ಲದ ವಿಳಂಬವಾಗಿತ್ತು. ಈಗ ನ್ಯಾಯಾಲಯಗಳೂ ತೆರಿಗೆ ಕಾಯ್ದೆಯೂ ಅದಕ್ಕೆ ಬೆಲೆ ಕಟ್ಟಿವೆ, ಅದು ಸಣ್ಣ ಬೆಲೆಯಲ್ಲ.

ಒಂದು ಬಿಲ್ಲನ್ನೇ ಹಿಂಬಾಲಿಸಿ ನೋಡೋಣ. ಸಣ್ಣ ಘಟಕವೊಂದು 10 ಲಕ್ಷ ರೂಪಾಯಿಯ ಬಿಡಿಭಾಗ ಮಾಡಿ ಕಳಿಸಿತು ಎನ್ನಿ. ಶೇ 18ರ ಜಿಎಸ್‌ಟಿ ಸೇರಿ ಬಿಲ್ಲು 11.8 ಲಕ್ಷ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಘಟಕವಾದರೆ, ಕಚ್ಚಾಮಾಲಿಗೆ ತೆತ್ತ ತೆರಿಗೆ ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಲೇಬೇಕು. ನಿಮ್ಮ ಕೈಗೆ ದುಡ್ಡು ಬಂತೇ ಎಂದು ಯಾರೂ ಕೇಳುವುದಿಲ್ಲ. ಮಾಲು ಪಡೆದ ಕಂಪನಿಯಾದರೋ ಒಂದು ಪೈಸೆಯನ್ನೂ ಕೊಡುವ ಮೊದಲೇ ಆ 1.8 ಲಕ್ಷವನ್ನು ಇನ್‌ಪುಟ್ ಕ್ರೆಡಿಟ್ ಎಂದು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. 180 ದಿನದಲ್ಲಿ ಬಿಲ್ಲು ತೀರಿಸದಿದ್ದರೆ ಮಾತ್ರ ಆ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸು ಮಾಡಬೇಕು. ಹೀಗೆ ಆರು ತಿಂಗಳ ಕಾಲ ಮಾಲೂ ಅವರಲ್ಲೇ, ಹಣವೂ ಅವರಲ್ಲೇ, ತೆರಿಗೆಯ ಲಾಭವೂ ಅವರದೇ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ?

ಈ ಅನ್ಯಾಯ ಸಂಸತ್ತಿನ ಕಣ್ಣಿಗೆ ಬಿದ್ದಿದ್ದು ಇತ್ತೀಚೆಗಲ್ಲ. ಸಣ್ಣ ಉದ್ದಿಮೆಗಳಿಗೆ ತಡವಾಗಿ ಹಣ ಕೊಟ್ಟರೆ ಬಡ್ಡಿ ತೆರಬೇಕು ಎಂಬ ಕಾಯ್ದೆ 1993ರಲ್ಲೇ ಬಂದಿತ್ತು. ಅದರ ಜಾಗಕ್ಕೆ ಬಂದದ್ದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ. ಅದರ ಐದನೇ ಅಧ್ಯಾಯ ಕೆಲವೇ ಕೆಲವು ಸೆಕ್ಷನ್‌ಗಳದ್ದು, 15ರಿಂದ 25ರವರೆಗೆ. ಅಷ್ಟು ಚಿಕ್ಕದಾದರೂ, ದೇಶದ ವ್ಯಾಪಾರ ಕಾನೂನಿನಲ್ಲಿ ಸಾಲಗಾರನ ಮೇಲೆ ಇಷ್ಟು ಬಿಗಿ ಇರುವ ಇನ್ನೊಂದು ಅಧ್ಯಾಯವನ್ನು ನಾನು ಓದಿಲ್ಲ.

ಒಪ್ಪಂದದಲ್ಲಿ ಏನೇ ಬರೆದಿರಲಿ, ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ ಮಾಲು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಹಣ ಸೇರಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ. ‘ಪೇಮೆಂಟ್ ಟರ್ಮ್ಸ್: 90 ದಿನ’ ಎಂದು ಪರ್ಚೇಸ್ ಆರ್ಡರಿನಲ್ಲಿ (ಪಿ.ಒ.) ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಕಾನೂನು 45ಕ್ಕೇ ನಿಲ್ಲುತ್ತದೆ. ಇದು ತಿಳಿಯದೆ 90 ದಿನಕ್ಕೆ ಸಹಿ ಹಾಕಿ, ‘ಒಪ್ಪಿಬಿಟ್ಟಿದ್ದೀನಲ್ಲ, ಇನ್ನೇನು ಕೇಳೋದು’ ಎಂದು ಸುಮ್ಮನಿರುವವರು ಬಹಳ.

‘ಒಪ್ಪಿಕೊಂಡ ದಿನ’ ಎಂಬ ಮಾತಿನಲ್ಲಿ ಇನ್ನೊಂದು ರಕ್ಷಣೆ ಅಡಗಿದೆ. ಹಣ ಕೇಳಿದ ಕೂಡಲೇ ಮಾಲಿನಲ್ಲಿ ದೋಷ ಹುಡುಕುವುದು ಹಳೆಯ ವಿದ್ಯೆ. ನಾಲ್ಕು ತಿಂಗಳ ಹಿಂದೆ ಇಳಿಸಿಕೊಂಡ ಮಾಲಿಗೆ ಈಗ ರಿಜೆಕ್ಷನ್, ಜೊತೆಗೊಂದು ಡೆಬಿಟ್ ನೋಟ್. ಕಾಯ್ದೆಯ ಪ್ರಕಾರ ಆಕ್ಷೇಪವನ್ನು ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿಕೊಂಡಂತೆ. ಹಾಗಾಗಿ ಡೆಲಿವರಿ ಚಲನಿನ ಮೇಲೆ ಗೇಟಿನವರು ಹಾಕುವ ಮುದ್ರೆ ಮತ್ತು ತಾರೀಖಿಗೆ ಭಾರಿ ತೂಕವಿದೆ. ಲಾರಿ ಡ್ರೈವರ್ ಅದನ್ನು ಮಡಚಿ ಜೇಬಿಗಿಟ್ಟು ಕಳೆದುಬಿಟ್ಟರೆ, ಮುಂದೆ ವಕೀಲರು ಎಷ್ಟೇ ವಾದಿಸಿದರೂ ಗಡುವು ಯಾವತ್ತು ಶುರುವಾಯಿತೆಂದು ತೋರಿಸಲು ತಿಣುಕಬೇಕಾಗುತ್ತದೆ.

ಗಡುವು ದಾಟಿದರೆ ಬಡ್ಡಿ. ಅದು ಬ್ಯಾಂಕ್ ಬಡ್ಡಿಯಲ್ಲ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2023ರ ಫೆಬ್ರುವರಿಯಿಂದ ಎರಡು ವರ್ಷ ಆ ದರ ಶೇ 6.75 ಇತ್ತು. ಮೂರು ಪಟ್ಟು ಎಂದರೆ ಶೇ 20.25. ಅದೇ ದರ ಮುಂದುವರಿದರೆ 10 ಲಕ್ಷದ ಬಾಕಿ ಒಂದು ವರ್ಷಕ್ಕೆ ಸುಮಾರು 12.22 ಲಕ್ಷ, ಎರಡು ವರ್ಷಕ್ಕೆ 14.94 ಲಕ್ಷ, ಮೂರು ವರ್ಷಕ್ಕೆ 18.27 ಲಕ್ಷ. ನಮ್ಮಲ್ಲಿ ವ್ಯಾಜ್ಯಗಳು ಎಷ್ಟು ವರ್ಷ ಹಿಡಿಯುತ್ತವೆ ಎಂಬುದು ಗೊತ್ತಿರುವವರಿಗೆ ಈ ಲೆಕ್ಕದ ಕಾವು ತಟ್ಟುತ್ತದೆ. ಸಾಧಾರಣ ಸಿವಿಲ್ ದಾವೆಯಲ್ಲಿ ಕಾಲ ಕಳೆದಷ್ಟೂ ಹಣ ಕೊಡಬೇಕಾದವನಿಗೆ ಲಾಭ. ಇಲ್ಲಿ ಕಾಲ ಕಳೆದಷ್ಟೂ ಅವನ ಹೊರೆ ಬೆಳೆಯುತ್ತದೆ. ತೆತ್ತ ಈ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವ ದಾರಿಯನ್ನೂ 23ನೇ ಸೆಕ್ಷನ್ ಮುಚ್ಚಿದೆ.

ದೂರು ಕೊಡಲು ಸಿವಿಲ್ ಕೋರ್ಟಿಗೆ ಹೋಗಬೇಕಿಲ್ಲ. ಪ್ರತಿ ರಾಜ್ಯದಲ್ಲೂ ಫೆಸಿಲಿಟೇಷನ್ ಕೌನ್ಸಿಲ್ ಇರಬೇಕು. ಕೈಗಾರಿಕಾ ಇಲಾಖೆಯ ಅಧಿಕಾರಿಗಳ ಜೊತೆಗೆ ಉದ್ದಿಮೆ ಸಂಘದವರು, ಬ್ಯಾಂಕಿನವರು, ವಿಷಯ ಬಲ್ಲವರು ಅದರಲ್ಲಿ ಇರಬಹುದು. 2017ರ ಅಕ್ಟೋಬರ್‌ನಲ್ಲಿ ‘ಸಮಾಧಾನ್’ ಎಂಬ ಕೇಂದ್ರದ ಪೋರ್ಟಲ್ ಶುರುವಾದಾಗಿನಿಂದ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಕೌನ್ಸಿಲ್ ಮೊದಲು ಇಬ್ಬರನ್ನೂ ಕರೆದು ಸಂಧಾನಕ್ಕೆ ಯತ್ನಿಸಬೇಕು, ಆಗದಿದ್ದರೆ ಮಧ್ಯಸ್ಥಿಕೆ ನಡೆಸಿ ತೀರ್ಪು ಕೊಡಬೇಕು. ಮಾಲು ಕೊಟ್ಟವರು ಎಲ್ಲಿದ್ದಾರೋ ಅಲ್ಲಿಯ ಕೌನ್ಸಿಲ್‌ಗೇ ಅಧಿಕಾರ, ಕೊಂಡವರು ಭಾರತದ ಯಾವ ಮೂಲೆಯಲ್ಲಿದ್ದರೂ ಸರಿ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರು ಗುರುಗ್ರಾಮದ ಕಂಪನಿಯ ಮೇಲೆ ದೂರು ಕೊಡಲು ರೈಲು ಹತ್ತಬೇಕಿಲ್ಲ, ಗುರುಗ್ರಾಮದವರೇ ಕರ್ನಾಟಕಕ್ಕೆ ಬರಬೇಕು. ಒಪ್ಪಂದದಲ್ಲಿ ‘ವಿವಾದವಿದ್ದರೆ ದೆಹಲಿಯಲ್ಲಿ, ನಾವು ನೇಮಿಸಿದ ಮಧ್ಯಸ್ಥಗಾರರ ಮುಂದೆ’ ಎಂದು ಬರೆಸಿಕೊಂಡಿದ್ದರೆ? ಗುಜರಾತ್ ರಾಜ್ಯ ನಾಗರಿಕ ಪೂರೈಕೆ ನಿಗಮ ಮತ್ತು ಮಹಾಕಾಳಿ ಫುಡ್ಸ್ ನಡುವಿನ ಪ್ರಕರಣದಲ್ಲಿ 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿತು: ಈ ಕಾಯ್ದೆ ಆ ಷರತ್ತಿಗಿಂತ ಮೇಲು.

ಸೋತ ಕಂಪನಿ ತೀರ್ಪನ್ನು ಪ್ರಶ್ನಿಸಬಹುದು. ಆದರೆ ಮೊದಲು ತೀರ್ಪಿನ ಮೊತ್ತದ ಶೇ 75ನ್ನು ಕೋರ್ಟಿನಲ್ಲಿ ಠೇವಣಿ ಇಡಬೇಕು. ಈ ಒಂದು ಸಾಲು ವಕೀಲರ ತಂತ್ರವನ್ನೇ ಬದಲಿಸಿದೆ. ಠೇವಣಿ ತಪ್ಪಿಸಲು ಎಷ್ಟೋ ಕಂಪನಿಗಳು ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕತೊಡಗಿದವು. ಇಂಡಿಯಾ ಗ್ಲೈಕಾಲ್ಸ್ ಪ್ರಕರಣದಲ್ಲಿ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಳ್ಳದಾರಿಗೆ ಅಡ್ಡ ನಿಂತಿತು. ರಿಟ್ ಯಾವತ್ತೂ ಸಲ್ಲದೇ, ಇಲ್ಲವೇ ಕೆಲವು ಸಂದರ್ಭಗಳಲ್ಲಿ ಸಲ್ಲಬಹುದೇ ಎಂಬ ಪ್ರಶ್ನೆಯನ್ನು 2025ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಕಂಪನಿಗಳ ಕೈ ಪೂರ್ತಿ ಕಟ್ಟಿಹೋಗಿದೆ ಎಂದೇನೂ ಅಲ್ಲ. ಕೇರಳ ಸಾರಿಗೆ ನಿಗಮಕ್ಕೆ ಟಯರ್ ರಬ್ಬರ್ ಪೂರೈಸಿದ್ದ ಸಿಲ್ಪಿ ಇಂಡಸ್ಟ್ರೀಸ್‌ನ ಪ್ರಕರಣ ಇಲ್ಲಿ ಮುಖ್ಯ. ಮಾಲು ಬಂದಾಗ ಶೇ 90 ಹಣ, ಉಳಿದ ಶೇ 10 ರಬ್ಬರಿನ ಬಾಳಿಕೆಯ ವರದಿ ಬಂದ ಮೇಲೆ, ಇದು ಅಲ್ಲಿದ್ದ ಷರತ್ತು. ಆ ಹತ್ತರ ಮೇಲೆ ಹುಟ್ಟಿದ ವ್ಯಾಜ್ಯದಲ್ಲಿ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಕೊಂಡವರೂ ಅದೇ ಕೌನ್ಸಿಲ್ ಮುಂದೆ ತಮ್ಮ ಪ್ರತಿ-ಹಕ್ಕು ಮಂಡಿಸಬಹುದು. ಕಾಲಮಿತಿ ಕಾಯ್ದೆ ಈ ಮಧ್ಯಸ್ಥಿಕೆಗೂ ಅನ್ವಯಿಸುತ್ತದೆ. ಎರಡನೆಯ ಮಾತು ಪೀಣ್ಯದವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದದ್ದು. ಇಂಥ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಸಂಬಂಧ ಕೆಡುವುದು ಬೇಡ ಎಂದು ಮೂರು ವರ್ಷ ಕಾದವರ ಹಕ್ಕು, ಕಾದದ್ದಕ್ಕಾಗಿಯೇ ಬತ್ತಿಹೋಗಬಹುದು.

ಅವಸರಕ್ಕೂ ದಂಡವಿದೆ. ರಾಜಸ್ಥಾನದ ಕೌನ್ಸಿಲ್ ಒಂದು ಪ್ರಕರಣದಲ್ಲಿ ಜಾರ್ಖಂಡ್ ವಿದ್ಯುತ್ ನಿಗಮ ಸಂಧಾನಕ್ಕೆ ಬರಲಿಲ್ಲವೆಂದು, ಮಧ್ಯಸ್ಥಿಕೆಯನ್ನೇ ನಡೆಸದೆ ನೇರವಾಗಿ ಹಣ ಕೊಡಿ ಎಂದು ಆದೇಶಿಸಿತ್ತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೀರ್ಪೇ ಅಲ್ಲ ಎಂದು ತಳ್ಳಿಹಾಕಿತು. ಕೌನ್ಸಿಲ್‌ಗಳಲ್ಲಿ ಕೂರುವವರು ಹೆಚ್ಚಾಗಿ ಆಡಳಿತದ ಅಧಿಕಾರಿಗಳು, ಅವರಿಗೆ ಬೇರೆ ನೂರು ಕೆಲಸ. ಅವರಿಗೆ ನ್ಯಾಯಪ್ರಕ್ರಿಯೆಯ ತರಬೇತಿ ಕೊಡದೆ, ಸಿಬ್ಬಂದಿ ಕೊಡದೆ, 90 ದಿನದಲ್ಲಿ ತೀರ್ಮಾನಿಸಿ ಎಂದು ಕಾಯ್ದೆಯಲ್ಲಿ ಬರೆದರೆ ಸಾಲದು. ಎಡವಿದ್ದು ಕೌನ್ಸಿಲ್, ಆದರೆ ವರ್ಷಗಟ್ಟಲೆ ಹಿಂದಕ್ಕೆ ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾದವರು ಮಾಲು ಕೊಟ್ಟವರು.

ಇನ್ನೊಂದು ಆಯುಧವೂ ಇತ್ತು, ಈಗ ಮೊಂಡಾಗಿದೆ. 2016ರ ದಿವಾಳಿ ಸಂಹಿತೆಯಡಿ ಆರಂಭದಲ್ಲಿ 1 ಲಕ್ಷದ ಬಾಕಿಗೂ ಕಂಪನಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಎಳೆಯಬಹುದಿತ್ತು. ನೋಟಿಸ್ ತಲುಪಿದ ವಾರದಲ್ಲೇ ಹಣ ಬರುತ್ತಿದ್ದ ಕಾಲ ಅದು. 2020ರ ಮಾರ್ಚ್ 24ರಂದು ಆ ಮಿತಿಯನ್ನು 1 ಕೋಟಿಗೆ ಏರಿಸಿದರು. ಕೋವಿಡ್ ಹೊತ್ತಿನಲ್ಲಿ ಸಣ್ಣ ಉದ್ದಿಮೆಗಳನ್ನು ದಿವಾಳಿ ಅರ್ಜಿಗಳಿಂದ ಕಾಪಾಡಲು ಎಂಬುದು ಕೊಟ್ಟ ಕಾರಣ. ಅದರ ಬಿಸಿ ತಟ್ಟಿದ್ದು ಹಣ ಬರಬೇಕಾಗಿದ್ದ ಸಣ್ಣವರಿಗೂ.

ಇಷ್ಟೆಲ್ಲ ಬಲವಾದ ಕಾಯ್ದೆ ಇದ್ದೂ ಆ ಫೋನ್ ಮಾತುಕತೆ ಯಾಕೆ ಬದಲಾಗಿಲ್ಲ? ಕಾರಣ ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ದೂರು ಕೊಡಬೇಕಾದವರು ಮುಂದಿನ ತಿಂಗಳ ಆರ್ಡರಿಗೂ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕಾದವರು. ಹತ್ತು ಮಷೀನಿರುವ ಶೆಡ್ಡಿಗೆ ಎರಡೋ ಮೂರೋ ಗಿರಾಕಿಗಳು. ಅದರಲ್ಲಿ ಒಬ್ಬರನ್ನು ಕೌನ್ಸಿಲ್‌ಗೆ ಕರೆದರೆ ಮೂರನೇ ಒಂದು ಭಾಗ ಮಷೀನು ನಿಲ್ಲುತ್ತದೆ. ಹಾಗಾಗಿ ಕೌನ್ಸಿಲ್‌ಗೆ ಬರುವುದು ಬಹುಪಾಲು ಸತ್ತ ಸಂಬಂಧಗಳು: ಆರ್ಡರ್ ನಿಂತ ಮೇಲೆ, ಘಟಕ ಮುಚ್ಚಿದ ಮೇಲೆ, ಮಗ ಈ ವ್ಯವಹಾರ ಬೇಡ ಎಂದ ಮೇಲೆ. ದೂರು ಕೊಟ್ಟರೆ ಮಾತ್ರ ಎಚ್ಚರಗೊಳ್ಳುವ ಕಾನೂನು, ದೂರು ಕೊಡಲಾರದವರ ಪಾಲಿಗೆ ಮಲಗಿಯೇ ಇರುತ್ತದೆ. ಹದಿನೇಳು ವರ್ಷ ಈ ಅಧ್ಯಾಯದ ಕೊರತೆ ಇದೇ ಆಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಅದಕ್ಕೇ 2023ರ ಹಣಕಾಸು ಕಾಯ್ದೆ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್ನಿಗೆ ಸೇರಿಸಿದ ‘ಎಚ್’ ಎಂಬ ಪುಟ್ಟ ಉಪವಾಕ್ಯ ನನಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 15 ಅಥವಾ 45 ದಿನದ ಗಡುವಿನೊಳಗೆ ಹಣ ಕೊಡದಿದ್ದರೆ, ಆ ಖರೀದಿಯನ್ನು ಖರ್ಚೆಂದು ಕಳೆಯಲು ಹಣ ನಿಜವಾಗಿ ಕೊಟ್ಟ ವರ್ಷದವರೆಗೆ ಕಾಯಬೇಕು. 43ಬಿಯ ಬೇರೆ ಬಾಕಿಗಳಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದವರೆಗೆ ಸಿಗುವ ವಿನಾಯಿತಿ ಇದಕ್ಕಿಲ್ಲ. ಅಂದರೆ ಗಡುವು ದಾಟಿದ 10 ಲಕ್ಷದ ಬಿಲ್ಲು ಮಾರ್ಚ್ 31ರ ರಾತ್ರಿ ಬಾಕಿ ಉಳಿದರೆ, ಕಂಪನಿಗೆ ಆ ವರ್ಷ 10 ಲಕ್ಷ ಹೆಚ್ಚು ಆದಾಯ ಬಂದಂತೆ ಲೆಕ್ಕವಾಗಿ ಅದರ ಮೇಲೆ ತೆರಿಗೆ ಬೀಳುತ್ತದೆ. ಇದನ್ನು ಜಾರಿ ಮಾಡಲು ಯಾರೂ ಯಾರ ಮೇಲೂ ದೂರು ಕೊಡಬೇಕಿಲ್ಲ. ಕಂಪನಿಯ ಲೆಕ್ಕಪರಿಶೋಧಕರೇ ಪಟ್ಟಿ ಕೇಳುತ್ತಾರೆ. ಮಾಲು ಕೊಟ್ಟವರ ಹೆಸರು ಕೆಡುವುದಿಲ್ಲ, ಆರ್ಡರ್ ತಪ್ಪುವ ಭಯವೂ ಇಲ್ಲ.

2024ರ ಮಾರ್ಚ್ ಈ ನಿಯಮದ ಮೊದಲ ಮಾರ್ಚ್. ಆ ತಿಂಗಳು ಕಂಪನಿಗಳಿಂದ ಪೂರೈಕೆದಾರರಿಗೆ ಇಮೇಲುಗಳು ಹೋದವು: ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ದಾಖಲಾದ ನಿಮ್ಮ ಉದ್ಯಮ್ ನೋಂದಣಿ ಪತ್ರ ಕಳಿಸಿ, ನೀವು ಸೂಕ್ಷ್ಮವೋ ಸಣ್ಣವೋ ಮಧ್ಯಮವೋ, ತಯಾರಕರೋ ವ್ಯಾಪಾರಿಗಳೋ ತಿಳಿಸಿ. ಅಲ್ಲಿಯವರೆಗೆ ಆ ಪತ್ರವನ್ನು ಬ್ಯಾಂಕ್ ಸಾಲಕ್ಕಷ್ಟೇ ಬಳಸಿದ್ದವರು ಕಪಾಟಿನಿಂದ ಹೊರತೆಗೆದರು. ಬರೀ ವ್ಯಾಪಾರ ಮಾಡುವವರಿಗೂ ಮಧ್ಯಮ ಘಟಕಗಳಿಗೂ ಈ ರಕ್ಷಣೆ ಇಲ್ಲ. ಅದನ್ನೇ ಹಿಡಿದು ನೋಂದಣಿಯನ್ನೇ ಬಿಡಿ ಎಂಬ ಒತ್ತಡವೂ, ಆರ್ಡರನ್ನು ನೋಂದಣಿಯಿಲ್ಲದವರ ಕಡೆ ತಿರುಗಿಸುತ್ತೇವೆ ಎಂಬ ಮಾತೂ ಆಗ ಕೇಳಿಬಂದವು. ಯಾವ ಘಟಕದವರೇ ಆಗಲಿ ಇಂಥ ಒತ್ತಡಕ್ಕೆ ಮಣಿದು ನೋಂದಣಿ ಬಿಟ್ಟರೆ, ಒಂದು ಆರ್ಡರಿಗಾಗಿ ಮೂರು ಪಟ್ಟು ಬಡ್ಡಿಯನ್ನೂ, ತಮ್ಮ ಊರಿನ ಕೌನ್ಸಿಲನ್ನೂ, ಶೇ 75ರ ಠೇವಣಿಯನ್ನೂ ಕೈಯಾರೆ ಕಳೆದುಕೊಂಡಂತೆ.

ನೋಂದಣಿ ಯಾವಾಗ ಆಗಿರಬೇಕು ಎಂಬುದೂ ಬಗೆಹರಿಯಬೇಕಾದ ಪ್ರಶ್ನೆ. ಒಪ್ಪಂದವಾದ ಮೇಲೆ ನೋಂದಣಿ ಮಾಡಿಸಿಕೊಂಡು ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಕೇಳುವಂತಿಲ್ಲ ಎಂದು ಮಹಾಕಾಳಿ ತೀರ್ಪು ಹೇಳಿತ್ತು. 2025ರ ಜನವರಿ 10ರಂದು ಎನ್‌ಬಿಸಿಸಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕಾಯ್ದೆಯ ಪದಗಳನ್ನು ಬಿಡಿಸಿ ಓದಿ, ದೂರಿಗೆ ಮುಂಚಿನ ನೋಂದಣಿ ಕಡ್ಡಾಯವೆಂದು ಅಲ್ಲಿ ಬರೆದಿಲ್ಲ ಎಂಬ ನಿಲುವಿಗೆ ಬಂದರು. ಹಿಂದಿನ ತೀರ್ಪುಗಳ ದನಿ ಬೇರೆ ಇದ್ದದ್ದರಿಂದ ಮೂವರ ಪೀಠ ಇದನ್ನು ನೋಡಲಿ ಎಂದರು. ಹೊಸದಾಗಿ ಶೆಡ್ಡು ಹಾಕುವವರಿಗೆ ಇದರಲ್ಲಿ ಪಾಠ ಸರಳ. ಉದ್ಯಮ್ ನೋಂದಣಿ ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. ಮೊದಲ ಪಿ.ಒ.ಗೆ ಮೊದಲೇ ಮಾಡಿಸಿಕೊಳ್ಳಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ.

ದೂರಿಗೆ ಕಾಯದ ಇನ್ನೂ ಕೆಲವು ಕಣ್ಣುಗಳು ತೆರೆದಿವೆ. 45 ದಿನ ಮೀರಿದ ಬಾಕಿಯ ವಿವರವನ್ನು ಕಂಪನಿಗಳು ವರ್ಷಕ್ಕೆರಡು ಬಾರಿ ರಿಜಿಸ್ಟ್ರಾರ್ ಆಫ್ ಕಂಪನೀಸ್‌ಗೆ ಸಲ್ಲಿಸಬೇಕೆಂಬ ಆದೇಶ 2019ರ ಜನವರಿಯಿಂದ ಇದೆ. ವಾರ್ಷಿಕ ಲೆಕ್ಕಪತ್ರದಲ್ಲೂ ಬಾಕಿ ಮತ್ತು ಬಡ್ಡಿಯನ್ನು ಬೇರೆಯಾಗಿ ತೋರಿಸಬೇಕು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಗೆ ಸೇರಬೇಕೆಂದು 2024ರ ನವೆಂಬರ್‌ನಲ್ಲಿ ಆದೇಶವಾಯಿತು. ಅಲ್ಲಿ ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ಸಣ್ಣ ಘಟಕಕ್ಕೆ ಕೂಡಲೇ ಹಣ ಕೊಡುತ್ತವೆ, ಕಂಪನಿ ಆಮೇಲೆ ಬ್ಯಾಂಕಿಗೆ ಕಟ್ಟುತ್ತದೆ. ಆದರೆ ಸೇರುವುದು ಕಡ್ಡಾಯವಾದ ಮಾತ್ರಕ್ಕೆ ಬಿಲ್ಲನ್ನು ಅಲ್ಲಿ ಒಪ್ಪುವುದೂ ತಾನಾಗಿ ಆಗಿಬಿಡುವುದಿಲ್ಲ. ಒಪ್ಪದ ಬಿಲ್ಲನ್ನು ಯಾವ ಬ್ಯಾಂಕೂ ಕೊಳ್ಳುವುದಿಲ್ಲ. ಮತ್ತೆ ಮಾತು ಅದೇ ಅಕೌಂಟ್ಸ್ ವಿಭಾಗದ ಮೇಜಿಗೆ ಬರುತ್ತದೆ.

ಆ ಮೇಜಿನ ಮೇಲೆ 2024ರ ಅಕ್ಟೋಬರ್‌ನಿಂದ ಇನ್ನೊಂದು ಪರದೆ ತೆರೆದಿದೆ. ಜಿಎಸ್‌ಟಿ ಪೋರ್ಟಲ್‌ನ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಕೊಂಡ ಕಂಪನಿ ಪ್ರತಿ ಬಿಲ್ಲಿಗೂ ಒಪ್ಪಿದೆ, ಒಪ್ಪಿಲ್ಲ, ಬಾಕಿ ಇಟ್ಟಿದೆ ಎಂದು ಗುರುತು ಮಾಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆಯೇ. ತೆರಿಗೆ ಕ್ರೆಡಿಟ್ ಪಡೆಯಲು ಈ ಬಿಲ್ಲು ಸರಿ ಎಂದು ಸರ್ಕಾರದ ಪೋರ್ಟಲ್‌ನಲ್ಲಿ ಒಪ್ಪಿದ ಕಂಪನಿ, ನಾಲ್ಕು ತಿಂಗಳ ಮೇಲೆ ಕೌನ್ಸಿಲ್ ಮುಂದೆ ಮಾಲೇ ಸರಿಯಿರಲಿಲ್ಲ ಎಂದರೆ ಯಾರು ನಂಬಬೇಕು? ಆ ಗುರುತು ಬಿದ್ದ ತಾರೀಖನ್ನು ಪುರಾವೆಯಾಗಿ ಎದುರಿಗಿಡಲು ಸಣ್ಣ ಘಟಕಗಳ ವಕೀಲರು ಕಲಿಯಬೇಕು, ಉದ್ದಿಮೆದಾರರ ಸಂಘಗಳು ಕಲಿಸಬೇಕು. ಬಿಲ್ಲು ಹುಟ್ಟಿದ ದಿನ ಸರ್ಕಾರಕ್ಕೆ ಗೊತ್ತು, ಕೊಟ್ಟವರು ಸಣ್ಣವರೆಂಬುದೂ ಉದ್ಯಮ್ ಪೋರ್ಟಲ್‌ಗೆ ಗೊತ್ತು. ಈ ಎರಡನ್ನೂ ಬೆಸೆದು, 46ನೇ ದಿನ ಕಂಪನಿಯ ನಿರ್ದೇಶಕರಿಗೇ ಸೂಚನೆ ಹೋಗುವಂತೆ ಮಾಡಲು ಹೊಸ ಕಾಯ್ದೆಯೇನೂ ಬೇಕಾಗಲಿಕ್ಕಿಲ್ಲ. ಅಲ್ಲಿಯವರೆಗೆ ಪೀಣ್ಯದ ಆ ಮಾಲೀಕರು ಮುಂದಿನ ಫೋನಿಗೆ ಮೊದಲು ಒಂದು ಇಮೇಲ್ ಕಳಿಸಲಿ: ಬಿಲ್ಲಿನ ಸಂಖ್ಯೆ, ಮಾಲು ಇಳಿದ ತಾರೀಖು, ಉದ್ಯಮ್ ಸಂಖ್ಯೆ, ಬಾಕಿ ಮೊತ್ತ, ಮತ್ತು ಕೊನೆಯಲ್ಲಿ ‘45ನೇ ದಿನ ಈ ತಿಂಗಳ 14ಕ್ಕೆ’ ಎಂಬ ಒಂದು ಸಾಲು. ಫೋನಿನಲ್ಲಿ ಮೇಡಂ ಹೇಳುವ ಸೋಮವಾರಕ್ಕೆ ದಾಖಲೆ ಇರುವುದಿಲ್ಲ, ಇಮೇಲಿಗೆ ಇರುತ್ತದೆ.